ಸಂಗ್ಯಾನ ಆಟ, ಗಂಗಾನ ಪಾಡು

ಹಾಡಿನಲ್ಲಿ ಹೇಳಿದ ಕಥೆಯ ಮೇಲೆ ಸಿಟ್ಟು ಮಾಡುವುದು ಬಹಳ ಕಷ್ಟ. ಮಾತಿನಲ್ಲಿ ಹೇಳಿದ್ದರೆ ನಡುವೆ ಬಾಯಿ ಹಾಕಬಹುದು, 'ಅದು ಹ್ಯಾಂಗ ಆಗತದ?' ಎಂದು ಕೇಳಬಹುದು. ಹಾರ್ಮೋನಿಯಂ ಸುರುವಾಯಿತೆಂದರೆ ನಮ್ಮ ತಕರಾರು ತಾನೇ ಕಾಲು ಮಡಚಿ ಮೂಲೆಯಲ್ಲಿ ಕೂತುಬಿಡುತ್ತದೆ. ಸಂಗ್ಯಾ ಬಾಳ್ಯಾ ಆಟದ ವಿಷಯದಲ್ಲಿ ನನ್ನ ಪಾಡು ಇದೇ. ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಟ್ಟಿಲ್ಲ. ಹೋಗುವಾಗ ತವರಿಗೆ ಹೋಗುವಷ್ಟು ಸಂತೋಷ. ಬರುವಾಗ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡ ಹಾಗೆ. (ನಾವು ಮೀನು ತಿನ್ನುವವರಲ್ಲ. ಆದರೆ ಕ್ಯಾಂಪಿನಲ್ಲಿ ಮೀನಿನ ಪೇಟೆಯ ಸನಿಹ ಮೂವತ್ತು ವರ್ಷ ಇದ್ದವಳಿಗೆ ಹೋಲಿಕೆಗಳೂ ಅಲ್ಲಿಂದಲೇ ಬರುತ್ತವೆ.)

ದಕ್ಷಿಣದ ಕಡೆಯ ಗೆಳತಿಯರಿಗಾಗಿ ಕಥೆಯನ್ನು ಹೇಳಿಬಿಡುತ್ತೇನೆ. ನಮ್ಮ ಕಡೆಯವರು ಈ ಭಾಗ ಹಾರಿಸಿದರೂ ನಡೆದೀತು. ಬೈಲಹೊಂಗಲದಲ್ಲಿ ಈರ್ಯಾ ಎಂಬ ಶ್ರೀಮಂತ ವ್ಯಾಪಾರಿ. ಅವನ ಹೆಂಡತಿ ಗಂಗಾ, ಚೆಲುವೆ. ಸಂಗ್ಯಾ ಅನುಕೂಲಸ್ಥರ ಮನೆಯ ಹುಡುಗ, ಕೆಲಸ ಕಡಿಮೆ, ಹುರುಪು ಹೆಚ್ಚು. ಜಾತ್ರೆಯಲ್ಲಿ ಗಂಗಾನನ್ನು ನೋಡುತ್ತಾನೆ, ಮರುಳಾಗುತ್ತಾನೆ. ಅವನ ಜೀವದ ಗೆಳೆಯ ಬಾಳ್ಯಾ. ಬುದ್ಧಿ ಹೇಳುವವನೂ ಅವನೇ, ಕೊನೆಗೆ ಜೊತೆಗೆ ನಿಲ್ಲುವವನೂ ಅವನೇ. ಪರಮ್ಮ ಎಂಬ ಮುದುಕಿಯನ್ನು ಹಿಡಿದು ಗಂಗಾನಿಗೆ ಸುದ್ದಿ ಮುಟ್ಟಿಸುತ್ತಾರೆ. ಮೊದಲು ಬೈದು ಕಳಿಸುವ ಗಂಗಾ, ಗಂಡ ವ್ಯಾಪಾರಕ್ಕೆ ಊರು ಬಿಟ್ಟ ಕಾಲದಲ್ಲಿ ಸಂಗ್ಯಾನಿಗೆ ಒಲಿಯುತ್ತಾಳೆ. ಈರ್ಯಾನಿಗೆ ಗೊತ್ತಾಗುತ್ತದೆ. ಅವನೂ ತಮ್ಮಂದಿರೂ ಸೇರಿ ಬಾಳ್ಯಾನಿಗೆ ಆಸೆ ತೋರಿಸಿ ಒಳಗೆ ಹಾಕಿಕೊಳ್ಳುತ್ತಾರೆ. ಗೆಳೆಯನೇ ಗೆಳೆಯನನ್ನು ಕರೆತಂದು ಕೊಲೆಗಾರರ ಕೈಗೆ ಒಪ್ಪಿಸುತ್ತಾನೆ. ಹತ್ತೊಂಬತ್ತನೆಯ ಶತಮಾನದಲ್ಲಿ ನಿಜವಾಗಿ ನಡೆದ ಒಂದು ಕೊಲೆಯಿಂದ ಹುಟ್ಟಿದ ಆಟ ಇದು ಎಂಬುದು ನಮ್ಮ ಭಾಗದ ನಂಬಿಕೆ. ಪತ್ತಾರ ಮಾಸ್ತರರು ಕಟ್ಟಿದ್ದು ಎಂದು ಹೇಳುತ್ತಾರೆ. ಆಮೇಲೆ ಚಂದ್ರಶೇಖರ ಕಂಬಾರರು ಇದನ್ನು ಸಂಪಾದಿಸಿ ಅಚ್ಚು ಮಾಡಿಸಿದ ಮೇಲೆ ಪ್ಯಾಟಿಯ ಓದುವ ಜನರ ಕೈಗೂ ಬಂತು.

ಇದಕ್ಕೆ ಸಣ್ಣಾಟ ಎನ್ನುತ್ತಾರೆ. ಸಣ್ಣದು ಎಂದರೆ ಹಗುರ ಎಂದಲ್ಲ. ದೊಡ್ಡಾಟದಲ್ಲಿ ಕಿರೀಟ, ಭುಜಕೀರ್ತಿ, ರಾಕ್ಷಸರ ಆರ್ಭಟ, ಪುರಾಣದ ಯುದ್ಧ. ಸಣ್ಣಾಟದಲ್ಲಿ ನಮ್ಮ ನಿಮ್ಮ ಮನೆಯಲ್ಲಿರುವ ಧೋತರ, ರುಮಾಲು, ಇಲಕಲ್ಲ ಸೀರೆ. ಜನರೂ ನಮ್ಮ ನಿಮ್ಮಂಥವರೇ. ಅದಕ್ಕೇ ಇದು ಚುರ್ರೆನ್ನುತ್ತದೆ. ಕೀಚಕ ಸತ್ತರೆ ನಿದ್ದೆ ಕೆಡುವುದಿಲ್ಲ. ಬೈಲಹೊಂಗಲ ಎಂದರೆ ಬೆಳಗಾವಿಯಿಂದ ಬಸ್ಸಿನಲ್ಲಿ ಹೋಗಿ ಸಂಜೆಯೊಳಗೆ ತಿರುಗಿ ಬರುವ ಊರು. ಅಲ್ಲಿಯ ಹತ್ತಿ ವ್ಯಾಪಾರಿಗಳನ್ನು ನಾವು ನೋಡಿದ್ದೇವೆ. ಅಲ್ಲಿಯ ಒಬ್ಬ ಹುಡುಗನನ್ನು ಕಣ್ಣೆದುರು ಕಡಿದರೆ ಎದೆ ತಣ್ಣಗಾಗದು.

ಒಳ್ಳೆಯದನ್ನು ಮೊದಲು ಹೇಳಬೇಕು. ಈ ಆಟದ ಜೀವ ಇರುವುದು ಮ್ಯಾಳದಲ್ಲಿ. ಪಾತ್ರಧಾರಿ ಒಂದು ಸಾಲು ಹಾಡಿ ಬಿಡುತ್ತಾನೆ, ಹಿಂದೆ ಕೂತ ನಾಲ್ಕು ಜನ ಅದನ್ನು ಎತ್ತಿಕೊಳ್ಳುತ್ತಾರೆ. ಎತ್ತಿಕೊಂಡಾಗ ಅದು ಅವನೊಬ್ಬನ ಮಾತಾಗಿ ಉಳಿಯುವುದಿಲ್ಲ, ಊರಿನ ಮಾತಾಗುತ್ತದೆ. ಸಂಗ್ಯಾ 'ಆಕೀನ್ನ ಬಿಟ್ಟು ನಾ ಉಳಿಯಾಂವ ಅಲ್ಲ' ಎಂಬ ಅರ್ಥದಲ್ಲಿ ಹಾಡಿದರೆ ಮ್ಯಾಳದ ಹಿರಿಯರೂ, ಮನೆಯಲ್ಲಿ ಮೊಮ್ಮಕ್ಕಳಿದ್ದವರು, ಕಣ್ಣು ಮುಚ್ಚಿ ಅದನ್ನೇ ಹಾಡುತ್ತಾರೆ. ಹಗಲು ಹೊತ್ತು ಯಾರೂ ಬಾಯಿ ಬಿಟ್ಟು ಒಪ್ಪದ ಆಸೆಯನ್ನು ರಾತ್ರಿ ಇಡೀ ಊರು ತಾಳ ಹಾಕಿ ಒಪ್ಪಿಕೊಂಡಂತೆ. ಇಂಥ ಧೈರ್ಯ ನಮ್ಮ ಪ್ಯಾಟಿಯ ನಾಟಕಗಳಲ್ಲಿ ನಾನು ಕಂಡದ್ದು ಕಡಿಮೆ.

ಇನ್ನು ಬಾಳ್ಯಾ. ಅವನ ಪಾತ್ರ ಮಾಡುವವನು ಜಾಣನಿದ್ದರೆ ಆಟದ ತೂಕವೆಲ್ಲ ಅವನ ಕಡೆ ವಾಲುತ್ತದೆ. ಅವನು ಗೆಳೆಯನನ್ನು ಮಾರಿದ್ದು ದ್ವೇಷದಿಂದ ಅಲ್ಲ, ಆಸೆಯಿಂದ. ಕೊಟ್ಟ ಮಾತು ತಪ್ಪಬೇಕಾದಾಗ ಒಂದು ಗಳಿಗೆ ನಿಂತುಕೊಳ್ಳುತ್ತಾನೆ. ನಾನು ನೋಡಿದ ಒಬ್ಬ ಬಾಳ್ಯಾ ಆ ಗಳಿಗೆಯಲ್ಲಿ ಏನೂ ಹಾಡಲಿಲ್ಲ. ತಲೆಯ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ, ಅಷ್ಟೇ. ಪೆಂಡಾಲಿನಲ್ಲಿ ಕೂಸು ಸಹ ಅಳಲಿಲ್ಲ. ಸಂಗ್ಯಾ ನಂಬಿಕೊಂಡು ಅವನ ಹಿಂದೆ ಹೋಗುವಾಗ ನಮ್ಮ ಅವ್ವ ಪ್ರತಿ ಸಲ 'ಹೋಗಬ್ಯಾಡೋ ಹುಚ್ಚಪ್ಪಾ' ಎನ್ನುತ್ತಿದ್ದಳು. ಅವಳು ಆ ಆಟವನ್ನು ನನಗಿಂತ ಹೆಚ್ಚು ಸಲ ನೋಡಿದವಳು. ಅವನು ಹೋಗಿಯೇ ಹೋಗುತ್ತಾನೆಂದು ಅವಳಿಗೆ ಗೊತ್ತಿರಲಿಲ್ಲವೇ?

ಈಗ ಮುಳ್ಳಿನ ಮಾತು.

ಆಟದ ಹೆಸರಿನಲ್ಲೇ ನೋಡಿರಿ. ಸಂಗ್ಯಾ ಇದ್ದಾನೆ, ಬಾಳ್ಯಾ ಇದ್ದಾನೆ. ಯಾರ ಕಾರಣಕ್ಕೆ ಇದೆಲ್ಲ ನಡೆಯಿತು ಎಂದು ಊರು ಬೊಟ್ಟು ಮಾಡುತ್ತದೋ ಅವಳ ಹೆಸರಿಲ್ಲ. ಗಂಗಾ ಒಲಿಯುವವರೆಗೆ ಅವಳಿಗೆ ಪದಗಳುಂಟು, ಜಗಳದ ಮಾತುಂಟು, ಪರಮ್ಮನನ್ನು ಬೈಯುವ ಚುರುಕಾದ ಸಾಲುಗಳುಂಟು. ಒಲಿದ ಮೇಲೆ ಅವಳ ಬಾಯಿ ಕಟ್ಟಿದಂತಾಗುತ್ತದೆ. ಕಥೆ ಗಂಡಸರ ಕೈಗೆ ಹೋಗುತ್ತದೆ: ಗಂಡ, ಮೈದುನಂದಿರು, ಮಿಂಡ, ಮಿಂಡನ ಗೆಳೆಯ. ನಾನು ನೋಡಿದ ಆಟಗಳಲ್ಲಿ ಕೊಲೆಯಾದ ಮೇಲೆ ಗಂಗಾ ಒಂದಿಷ್ಟು ಅತ್ತು ಒಳಗೆ ಹೋಗುತ್ತಾಳೆ, ಅಷ್ಟರಲ್ಲಿ ಮಂಗಳ ಹಾಡಲು ಮ್ಯಾಳದವರು ಗಂಟಲು ಸರಿ ಮಾಡಿಕೊಳ್ಳುತ್ತಿರುತ್ತಾರೆ. ಆ ಮನೆಯಲ್ಲಿ ಆಮೇಲೆ ಅವಳು ಹೇಗೆ ಇದ್ದಳು? ಯಾರು ಅವಳಿಗೆ ಉಣ್ಣಲು ಕೊಟ್ಟರು? ತವರಿನವರು ಕರೆದರೋ, ಬಾಗಿಲು ಹಾಕಿಕೊಂಡರೋ? ನಾವು ಹೆಣ್ಣುಮಕ್ಕಳು ಇಂಥ ಸುದ್ದಿ ಕೇಳಿದ ಕೂಡಲೇ ಮೊದಲು ಕೇಳುವ ಪ್ರಶ್ನೆಗಳು ಇವೇ. ಆಟಕ್ಕೆ ಈ ಪ್ರಶ್ನೆಗಳು ಹೊಳೆದೇ ಇಲ್ಲ.

ಅದಕ್ಕಿಂತ ನನಗೆ ಕಷ್ಟವಾಗುವುದು ನಗು. ಪರಮ್ಮ ಗಂಗಾನ ಮನಸ್ಸು ತಿರುಗಿಸುವ ಭಾಗ ಬಂದಾಗ ಗಂಡಸರ ಸಾಲುಗಳಿಂದ ಸಿಳ್ಳೆ, ಕೇಕೆ. ಹಳೆಯ ಪದ್ಧತಿಯಲ್ಲಿ ಗಂಗಾನ ಪಾತ್ರ ಮಾಡುವವನೂ ಗಂಡಸೇ. ಅವನು ಸೆರಗು ಎಳೆದುಕೊಂಡು ನಾಚುವ ರೀತಿಗೆ ಇನ್ನಷ್ಟು ಕೇಕೆ. ಒಂದು ಹೆಣ್ಣು ತನ್ನ ಬದುಕನ್ನೇ ಪಣಕ್ಕೆ ಒಡ್ಡುವ ಗಳಿಗೆ ಅದು. ಪೆಂಡಾಲಿನ ಬದಿಯಲ್ಲಿ ಕೂತ ನಾವು ಹೆಂಗಸರು ಆ ಹೊತ್ತಿಗೆ ಮಕ್ಕಳ ಚಾದರ ಸರಿಪಡಿಸುತ್ತಿರುತ್ತೇವೆ. ನಗುವ ಹಾಗಿಲ್ಲ, ನಗದೆ ಇರುವ ಹಾಗೂ ಇಲ್ಲ. ನಮ್ಮ ವೈನಿ ಒಮ್ಮೆ ಪಿಸುಮಾತಿನಲ್ಲಿ, "ಇವರಿಗೆ ಗಂಗಾ ಅಂದ್ರ ನಗಿ ಬರತದ, ಮನ್ಯಾಗ ಹೇಣತಿ ಪಡಸಾಲಿಗೆ ಬಂದು ನಿಂತ್ರ ಸಿಟ್ಟು ಬರತದ" ಎಂದಳು. ವೈನಿ ಓದಿದ್ದು ನಾಲ್ಕನೆಯ ಇಯತ್ತೆ. ಇಷ್ಟು ಚೊಕ್ಕ ವಿಮರ್ಶೆ ನಾನು ಪುಸ್ತಕದಲ್ಲಿ ಓದಿಲ್ಲ.

ಆಟ ಮುಗಿದ ಮೇಲೂ ಆಟ ಮುಗಿಯುವುದಿಲ್ಲ, ಅದೇ ದೊಡ್ಡ ಮಾತು. ನನ್ನ ತವರು ಖಾನಾಪುರ ತಾಲ್ಲೂಕಿನ ಪಾರಿಶ್ವಾಡದ ಕಡೆ. ಖಾನಾಪುರದ ಪಡುವಣ ಭಾಗ ಕಾಡು, ಮರಾಠಿ. ಮೂಡಣ ಭಾಗ ಎರೆಹೊಲ, ಕನ್ನಡ. ನಮ್ಮ ಓಣಿಯಲ್ಲಿ ಒಬ್ಬಾಕೆ ಇದ್ದಳು. ಗಂಡ ಮುಂಬಯಿಯ ಗಿರಣಿಗೆ ಹೋದವನು ವರುಷಕ್ಕೊಮ್ಮೆ ಬರುತ್ತಿದ್ದ. ಆಕೆ ಯಾರೊಡನೆ ಏನು ಮಾತಾಡಿದಳೋ ದೇವರಿಗೆ ಗೊತ್ತು. ಒಂದು ಜಾತ್ರೆಯಲ್ಲಿ ಸಂಗ್ಯಾ ಬಾಳ್ಯಾ ಆದ ಮರುದಿನದಿಂದ ಆಕೆ ಕೊಡ ಹೊತ್ತು ಬಾವಿಗೆ ಹೊರಟರೆ ಕಟ್ಟೆಯ ಮೇಲಿನ ಹುಡುಗರು ಗಂಗಾನ ಪದ ಗುಣುಗಲು ಸುರು ಮಾಡಿದರು. ಬೈದರೆ, "ಪದಾ ಹಾಡಿದ್ರ ನಿನಗ ಯಾಕ ಹತ್ತತದ?" ಎನ್ನುತ್ತಿದ್ದರು. ಹಾಡಿಗೆ ಸಾಕ್ಷಿ ಬೇಕಿಲ್ಲ, ಹಾಡಿದವನ ಮೇಲೆ ಖಟ್ಲೆಯೂ ಇಲ್ಲ. ಆಕೆ ನಸುಕಿನಲ್ಲಿ ನೀರಿಗೆ ಹೋಗತೊಡಗಿದಳು. ಅದೂ ತಪ್ಪಾಯಿತು, 'ಕತ್ತಲದಾಗ ಯಾಕ ಹೊಂಡತಾಳ?' ಎಂದರು. ಕೊನೆಗೆ ಮಕ್ಕಳನ್ನು ಕಟ್ಟಿಕೊಂಡು ಬೆಳಗಾವಿಗೆ ಬಂದು ನಾಲ್ಕು ಮನೆ ಪಾತ್ರೆ ತಿಕ್ಕಿ ಬದುಕಿದಳು. ಕ್ಯಾಂಪಿನಲ್ಲಿ ನನಗೆ ಎದುರಾದಾಗ, "ಇಲ್ಲಿ ಛಲೋ ಅದವಾ, ಇಲ್ಲಿ ಯಾರಿಗೂ ಆ ಪದಾ ಬರೂದಿಲ್ಲ" ಎಂದಳು.

ನಿಜ, ಕ್ಯಾಂಪಿನಲ್ಲಿ ಆ ಪದ ಯಾರಿಗೂ ಬರುತ್ತಿರಲಿಲ್ಲ. ಬ್ರಿಟಿಷರು ದಂಡಿಗಾಗಿ ಕಟ್ಟಿದ ಭಾಗ ಅದು. ದೊಡ್ಡ ಮರಗಳು, ಹಂಚಿನ ಬಂಗಲೆಗಳು, ಇಗರ್ಜಿಯ ಗಂಟೆ, ಮರಾಠಾ ರೆಜಿಮೆಂಟಿನ ಬ್ಯಾಂಡು. ಬದಿಯ ಮನೆಯಲ್ಲಿ ಕೊಂಕಣಿ, ಎದುರಿಗೆ ಉರ್ದು, ಹಿಂದೆ ತಮಿಳು. ಕನ್ನಡ ಕೇಳಬೇಕೆಂದರೆ ಕಾಯಿಪಲ್ಲೆಯ ಬುಟ್ಟಿಯವರು ಬರುವವರೆಗೆ ಕಾಯಬೇಕು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಒಂಟಿತನ ಕಳೆದವರು ಬದಿಯ ಮನೆಯ ಗೋವೆಯ ಆಂಟಿ. ಅವರ ತಮ್ಮ ಹಡಗಿನ ಕೆಲಸದಲ್ಲಿದ್ದ. ಅವನು ತಂದುಕೊಟ್ಟ ದೊಡ್ಡ ತಟ್ಟೆಯ ರೆಕಾರ್ಡುಗಳಲ್ಲಿ ಒಂದು 'ಕ್ಯಾಮೆಲಾಟ್'. ಆಂಟಿ ಅದನ್ನು ಹಚ್ಚಿ, ಪೇರಲ ಹಣ್ಣಿನ ಚೀಸ್ ಕಲಕುತ್ತ, ನನಗೆ ಕಥೆ ಹೇಳುತ್ತಿದ್ದರು.

ಇಂಗ್ಲೆಂಡಿನ ಕಥೆಯ ರಾಜ ಆರ್ಥರ್. ಕಲ್ಲಿನಲ್ಲಿ ಸಿಕ್ಕಿದ್ದ ಖಡ್ಗ ಕಿತ್ತು ಅರಸನಾದವನು. ಬಲವೇ ನ್ಯಾಯ ಎನ್ನುವ ಕಾಲದಲ್ಲಿ, ನ್ಯಾಯಕ್ಕಾಗಿ ಬಲ ಬಳಸೋಣ ಎಂದು ದುಂಡು ಮೇಜಿನ ಸುತ್ತ ವೀರರನ್ನು ಕೂಡಿಸುತ್ತಾನೆ. ರಾಣಿ ಗ್ವಿನೆವಿಯರ್. ಫ್ರಾನ್ಸಿನಿಂದ ಬಂದ ವೀರ ಲಾನ್ಸಲಾಟ್, ರಾಜನಿಗೆ ಎಲ್ಲರಿಗಿಂತ ಆಪ್ತ. ರಾಣಿಗೂ ಅವನಿಗೂ ಮನಸ್ಸು ಕೂಡುತ್ತದೆ. ರಾಜನಿಗೆ ಗೊತ್ತು, ಗೊತ್ತಿಲ್ಲದಂತೆ ಇರುತ್ತಾನೆ. ಹಾಗೆ ಇರಲು ಬಿಡದವರು ಬಿಡುವುದಿಲ್ಲ. ತಾನೇ ಮಾಡಿದ ಕಾಯಿದೆಯಂತೆ ರಾಣಿಯನ್ನು ಸುಡುವ ಶಿಕ್ಷೆ ವಿಧಿಸಬೇಕಾಗುತ್ತದೆ. ಲಾನ್ಸಲಾಟ್ ಬಂದು ಬಿಡಿಸಿಕೊಂಡು ಹೋಗುತ್ತಾನೆ. ಮೇಜು ಮುರಿಯುತ್ತದೆ, ಯುದ್ಧವಾಗುತ್ತದೆ. ತಾಮಸ್ ಮ್ಯಾಲೊರಿ ಎಂಬವನು ಸೆರೆಮನೆಯಲ್ಲಿದ್ದು ಬರೆದ ದೊಡ್ಡ ಪುಸ್ತಕ 1485ರಲ್ಲಿ ಅಚ್ಚಾಯಿತು. ಅದನ್ನು ಹಿಡಿದು ಟಿ. ಎಚ್. ವೈಟ್ ಕಾದಂಬರಿ ಬರೆದ; ಈ ವೈಟ್ ಹುಟ್ಟಿದ್ದು 1906ರಲ್ಲಿ ನಮ್ಮ ಮುಂಬಯಿಯಲ್ಲಿ ಎಂಬುದು ಆಂಟಿಗೆ ಹೆಮ್ಮೆ. ಆ ಕಾದಂಬರಿಯಿಂದ ಲರ್ನರ್ ಮತ್ತು ಲೋ ಎಂಬ ಜೋಡಿ ಹಾಡಿನ ನಾಟಕ ಮಾಡಿ 1960ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ರಂಗಕ್ಕೆ ತಂದರು. ರಿಚರ್ಡ್ ಬರ್ಟನ್ ರಾಜ, ಜೂಲಿ ಆಂಡ್ರ್ಯೂಸ್ ರಾಣಿ. 873 ಆಟಗಳಾದವು.

ಕೇಳುತ್ತ ಕೇಳುತ್ತ ನಾನು ಕೈಯಲ್ಲಿದ್ದ ಹುಟ್ಟು ಕೆಳಗಿಟ್ಟು, "ಆಂಟಿ, ಇದು ನಮ್ಮ ಬೈಲಹೊಂಗಲದ ಕಥಿ" ಎಂದೆ. ಆಂಟಿ ನಕ್ಕರು. ಆದರೆ ನೋಡಿರಿ, ನಂಬಿದ ಗೆಳೆಯ, ಕಣ್ಣಿಗೆ ಬಿದ್ದ ಹೆಂಡತಿ, ಊರಿಗೆ ಹರಿದ ಗುಟ್ಟು, ಕೊನೆಗೆ ರಕ್ತ. ರಾಜನ ಜಾಗದಲ್ಲಿ ವ್ಯಾಪಾರಿ, ಕೋಟೆಯ ಜಾಗದಲ್ಲಿ ಹತ್ತಿಯ ಅಂಗಡಿ.

ಆಮೇಲೆ ಆ ನಾಟಕವನ್ನು ರಂಗದ ಮೇಲಿಂದಲೇ 1982ರಲ್ಲಿ ಚಿತ್ರೀಕರಿಸಿದ ಕ್ಯಾಸೆಟ್ಟು ನೋಡುವ ಅವಕಾಶ ನನಗೆ ಬಂತು. ಅದರಲ್ಲಿ ರಿಚರ್ಡ್ ಹ್ಯಾರಿಸ್ ರಾಜ. ಮಾತು ಅರ್ಧ ತಿಳಿಯಲಿಲ್ಲ, ಆಟ ಪೂರ್ತಿ ತಿಳಿಯಿತು. ಲಾನ್ಸಲಾಟ್ ಮೊದಲ ಸಲ ಬಂದು ತನ್ನನ್ನು ತಾನೇ ಹೊಗಳಿಕೊಂಡು ಹಾಡುತ್ತಾನಲ್ಲ, ಅಲ್ಲಿ ನನಗೆ ನಗು ತಡೆಯಲಾಗಲಿಲ್ಲ. ನಮ್ಮ ದೊಡ್ಡಾಟದಲ್ಲಿ ಸಾರಥಿ 'ತಾವು ದಾರು?' ಎಂದು ಕೇಳಿದ ಕೂಡಲೇ ಮೀಸೆ ತಿರುವಿ ತನ್ನ ಪರಾಕ್ರಮ ಹೇಳಿಕೊಳ್ಳುವ ಪಾತ್ರವೇ ಅದು! ಅವನ ಹಿಂದೆ ಒಬ್ಬ ಸಾರಥಿ ಇಲ್ಲದಿದ್ದುದೊಂದೇ ಕೊರತೆ. ನಮ್ಮವರು ಇಂಥ ಪಾತ್ರವನ್ನು ಗಂಭೀರವಾಗಿ ಮಾಡಿ ನಗಿಸುತ್ತಾರೆ. ಅವರು ನಗಿಸಲೆಂದೇ ಮಾಡಿ ಆಮೇಲೆ ಅಳಿಸುತ್ತಾರೆ. ಎರಡನೆಯದು ಹೆಚ್ಚು ಜಾಣತನದ್ದು ಎಂದು ಒಪ್ಪಲೇಬೇಕು.

ಗ್ವಿನೆವಿಯರಳ ಮೊದಲ ಹಾಡೂ ಹಾಗೆಯೇ. ಮದುವೆಗೆಂದು ಬಂದ ಹುಡುಗಿ ಕಾಡಿನಲ್ಲಿ ಕೂತು ತನ್ನ ಕುಲದ ಸಂತಳಿಗೆ ದೂರು ಕೊಡುತ್ತಾಳೆ: ನನಗಾಗಿ ಇನ್ನೂ ಯಾರೂ ಕಾದಾಡಿಲ್ಲ, ನನಗಾಗಿ ಯಾರೂ ಸತ್ತಿಲ್ಲ, ಇಷ್ಟು ಬೇಗ ಮದುವೆ ಯಾಕೆ? ಸಭೆ ನಗುತ್ತದೆ. ಕೊನೆಗೆ ಅವಳು ಕೇಳಿದ್ದೆಲ್ಲ ಆಗುತ್ತದೆ. ಅವಳಿಗಾಗಿ ಕಾದಾಡುತ್ತಾರೆ, ಸಾಯುತ್ತಾರೆ. ಬರೆದವನಿಗೆ ಇದು ಗೊತ್ತಿದ್ದೇ ಬರೆದಿದ್ದಾನೆ. ಇಂಥ ಕಡೆ ಕೈ ಮುಗಿಯಬೇಕೆನಿಸುತ್ತದೆ. ಆದರೂ ಒಂದು ಸಣ್ಣ ಸಂಶಯ ಒಳಗೆ ಉಳಿಯುತ್ತದೆ. ಹುಡುಗಿಯ ಹುಡುಗಾಟದ ಮಾತನ್ನು ಮೊದಲೇ ಅವಳ ಬಾಯಲ್ಲಿ ಹಾಕಿಸಿ, ಕೊನೆಗೆ 'ನೀನೇ ಕೇಳಿದ್ದೆಯಲ್ಲ' ಎಂದು ಲೆಕ್ಕ ಚುಕ್ತ ಮಾಡಿದಂತೆ ಆಗಲಿಲ್ಲವೇ? ನಮ್ಮಲ್ಲಿಯೂ ಹಾಗೇ ಅನ್ನುತ್ತಾರೆ: ಜಾತ್ರಿಗೆ ಅಷ್ಟು ಸಿಂಗಾರ ಮಾಡಿಕೊಂಡು ಯಾಕ ಹೋಗಬೇಕಿತ್ತು?

ರಾಣಿಯನ್ನು ಸುಡುವ ಕಂಬಕ್ಕೆ ಒಯ್ಯುವ ಭಾಗ ಬಂದಾಗ ನಾನು ನೆಟ್ಟಗೆ ಕೂತೆ. ಈಗಲಾದರೂ ಅವಳು ಹಾಡುತ್ತಾಳೆ ಎಂದುಕೊಂಡೆ. ಹಾಡಿದವರು ಯಾರು? ಮ್ಯಾಳ! ವಿಚಾರಣೆ, ಶಿಕ್ಷೆ, ಲಾನ್ಸಲಾಟ್ ಬಂದು ಬಿಡಿಸಿದ್ದು, ಎಲ್ಲವನ್ನೂ ಗುಂಪಿನವರು ಅವಳ ಹೆಸರು ಹಿಡಿದು ಹಾಡಿ ಮುಗಿಸುತ್ತಾರೆ. ಹಾಡಿನ ತುಂಬ ಅವಳ ಹೆಸರು, ಅವಳ ದನಿ ಮಾತ್ರ ಇಲ್ಲ. ಏಳು ಸಮುದ್ರದ ಆಚೆ, ಲಕ್ಷಗಟ್ಟಲೆ ಡಾಲರಿನ ರಂಗದ ಮೇಲೆಯೂ ನಮ್ಮ ಸಣ್ಣಾಟದವರು ಮಾಡಿದ್ದನ್ನೇ ಮಾಡಿದ್ದಾರೆ. ಹೆಣ್ಣಿನ ಅತಿ ಕಷ್ಟದ ಗಳಿಗೆ ಬಂದಾಗ ಅವಳನ್ನು ಬದಿಗೆ ಸರಿಸಿ ಊರೇ ಹಾಡುತ್ತದೆ.

ವ್ಯತ್ಯಾಸವೂ ಇದೆ, ಸಣ್ಣದಲ್ಲ. ಆರ್ಥರ್ ಕೊನೆಯ ಯುದ್ಧದ ಮುಂಜಾವಿನಲ್ಲಿ ಹೆಂಡತಿಯನ್ನೂ ಗೆಳೆಯನನ್ನೂ ಕ್ಷಮಿಸುತ್ತಾನೆ. ಅವಳು ಸನ್ಯಾಸಿನಿಯರ ಜೊತೆ ಇರುತ್ತಾಳೆ ಎಂದಾದರೂ ನಮಗೆ ತಿಳಿಸುತ್ತಾರೆ. ಉಣ್ಣಲು ಯಾರು ಕೊಟ್ಟರು ಎಂಬ ನನ್ನ ಪ್ರಶ್ನೆಗೆ ಅಲ್ಲಿ ಉತ್ತರ ಉಂಟು. ನಮ್ಮ ಈರ್ಯಾನಿಗೆ ಕ್ಷಮೆಯ ಮಾತು ಗೊತ್ತಿಲ್ಲ. ಆದರೆ ಕ್ಷಮಿಸುವ ಗಂಡನೆಂದರೆ ನೋಡುವವರ ಕಣ್ಣೀರೆಲ್ಲ ಗಂಡನ ಪಾಲಿಗೇ ಹೋಗುತ್ತದೆ, ಅದೂ ನಿಜ. ಕೊನೆಗೆ ಆರ್ಥರ್ ಒಬ್ಬ ಸಣ್ಣ ಹುಡುಗನನ್ನು ಕರೆದು, ನೀನು ಯುದ್ಧ ಮಾಡಬೇಡ, ಓಡಿ ಹೋಗು, ನಮ್ಮ ಕಥೆಯನ್ನು ಎಲ್ಲರಿಗೂ ಹೇಳು ಎನ್ನುತ್ತಾನೆ. ಚೆಂದದ ದೃಶ್ಯ, ನಾನೂ ಅತ್ತೆ. ಅತ್ತು ಮೂಗು ಒರೆಸಿಕೊಂಡ ಮೇಲೆ ಅನಿಸಿತು: ಈ ಹುಡುಗ ಹೇಳುವ ಕಥೆಯಲ್ಲಿ ರಾಣಿಯ ಪಾಲಿಗೆ ಎಷ್ಟು ಸಾಲು ಬರಬಹುದು?

ಆಂಟಿ ಒಂದು ಮಾತು ಹೇಳುತ್ತಿದ್ದರು. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯ ಕೊಲೆಯಾದಾಗ, ವಾರದೊಳಗೆ ಅವರ ಹೆಂಡತಿ ಒಬ್ಬ ಪತ್ರಕರ್ತನನ್ನು ಕರೆಸಿ, ನನ್ನ ಯಜಮಾನರು ರಾತ್ರಿ ಮಲಗುವ ಮುಂಚೆ ಈ ರೆಕಾರ್ಡನ್ನೇ ಕೇಳುತ್ತಿದ್ದರು ಎಂದರಂತೆ. ಅಂದಿನಿಂದ ಆ ಸರಕಾರಕ್ಕೇ ಕ್ಯಾಮೆಲಾಟ್ ಎಂಬ ಹೆಸರು ಬಂತು. "ನೋಡು, ಅದನ್ನು ಹೇಳಿದ್ದು ಹುಡುಗ ಅಲ್ಲ, ವಿಧವೆ" ಎಂದು ಆಂಟಿ ಬೆರಳು ಎತ್ತುತ್ತಿದ್ದರು. ಹೌದು, ಹೇಳಿದವಳು ಹೆಂಗಸೇ. ಹೇಳಿದ್ದು ಮಾತ್ರ ಗಂಡನ ಕಥೆ.

2023ರಲ್ಲಿ ನ್ಯೂಯಾರ್ಕಿನ ಲಿಂಕನ್ ಸೆಂಟರಿನಲ್ಲಿ ಆರನ್ ಸಾರ್ಕಿನ್ ಎಂಬವರು ಮಾತುಗಳನ್ನು ಹೊಸದಾಗಿ ಬರೆದು, ಮಾಟ ಮಂತ್ರಗಳನ್ನು ತೆಗೆದು, ರಾಣಿಗೆ ರಾಜಕಾರಣದ ಬುದ್ಧಿ ಕೊಟ್ಟು ಅದೇ ನಾಟಕ ಆಡಿಸಿದರು. ನಾಲ್ಕು ತಿಂಗಳೂ ಸರಿಯಾಗಿ ನಡೆಯಲಿಲ್ಲ. ಹಳೆಯ ಸೀರೆಗೆ ಹೊಸ ಅಂಚು ಹಚ್ಚಿದರೆ ಅಂಚಷ್ಟೇ ಹೊಸದು. ಸೀರೆ ನೇಯ್ದವನ ಮನಸ್ಸು ಬೇರೆ ಇತ್ತಲ್ಲ.

ಹಾಗಾದರೆ ಹಾಡಿನ ಆಟಕ್ಕೆ ಹೆಣ್ಣಿನ ಬಾಯಿ ಕೊಡಲು ಬರುವುದೇ ಇಲ್ಲವೇ? ಬರುತ್ತದೆ. ನಮ್ಮ ಜಿಲ್ಲೆಯ ಶ್ರೀಕೃಷ್ಣ ಪಾರಿಜಾತವನ್ನೇ ನೋಡಿರಿ. ಆಗಿನ ಗೋಕಾಕ ತಾಲ್ಲೂಕಿನ ಕುಲಗೋಡ ತಮ್ಮಣ್ಣನ ಕೈಯಲ್ಲಿ ಬೆಳೆದ ಆಟ, ಕೌಜಲಗಿ ನಿಂಗಮ್ಮನಂಥ ಕಲಾವಿದೆಯಿಂದ ಹೆಸರಾದ ಆಟ. ಒಂದು ಹೂವು ಸವತಿಯ ಮುಡಿಗೆ ಹೋಯಿತೆಂದು ಸತ್ಯಭಾಮೆ ಸಿಟ್ಟಾಗುತ್ತಾಳೆ. ಆ ಸಿಟ್ಟಿಗೇ ಇಡೀ ರಾತ್ರಿ ಮೀಸಲು! ಮೂರು ಲೋಕದ ಒಡೆಯ ಬಂದು ರಮಿಸಬೇಕು. ಇಷ್ಟು ಹೊತ್ತು ಹೆಂಡತಿಯ ತಕರಾರನ್ನು ಬಾಯಿ ಮುಚ್ಚಿಕೊಂಡು ಕೇಳುವ ಗಂಡಸರನ್ನು ನಾನು ಪಾರಿಜಾತದ ಪೆಂಡಾಲಿನ ಹೊರಗೆ ಎಲ್ಲಿಯೂ ನೋಡಿಲ್ಲ. ಆದರೆ ಭಾಮೆ ಮದುವೆಯ ಹೊಸ್ತಿಲೊಳಗೆ ನಿಂತು ಸಿಟ್ಟು ಮಾಡಿದವಳು. ದಾಟಿದವಳಲ್ಲ.

ದಾಟಿದವಳಿಗೂ ಮಾತು ಕೊಟ್ಟವರು ಕಂಬಾರರು. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಿಂದ ಬಂದು ಜ್ಞಾನಪೀಠದವರೆಗೆ ಹೋದವರು. ಸಣ್ಣಾಟ, ಬಯಲಾಟಗಳ ಧಾಟಿ ಅವರಿಗೆ ಕೇಳಿ ಬಂದದ್ದು, ಓದಿ ಬಂದದ್ದಲ್ಲ. 1972ರ 'ಜೋಕುಮಾರಸ್ವಾಮಿ'ಯಲ್ಲಿ ಅದೇ ಮೂರು ಜನ ಮತ್ತೆ ಬಂದಿದ್ದಾರೆ: ಗೌಡ, ಗೌಡತಿ, ಬಸಣ್ಣ. ಆದರೆ ಗೌಡತಿ ಯಾರ ಕಣ್ಣಿಗೋ ಬಿದ್ದವಳಲ್ಲ. ಮಕ್ಕಳಿಲ್ಲದ ಮನೆಯಲ್ಲಿ ಕೂಸು ಬೇಕೆಂದು ಹಂಬಲಿಸಿ ತಾನೇ ಜೋಕುಮಾರಸ್ವಾಮಿಯ ಪಡವಲಕಾಯಿಯ ಪಲ್ಯ ಮಾಡಿದವಳು. ಪಲ್ಯ ಉಂಡವನು ಗಂಡನಲ್ಲ, ಬಸಣ್ಣ. ಇಲ್ಲಿಯೂ ಹುಡುಗ ಸಾಯುತ್ತಾನೆ. ಆದರೆ ಆಟ ನಡೆಯುವುದು ಅವಳ ಹಂಬಲದ ಸುತ್ತ. ನೋಡುವವರು ಅವಳ ಮುಖದ ಕಡೆ ನೋಡಲೇಬೇಕು. ಬಿ. ವಿ. ಕಾರಂತರು ಅದನ್ನು ಬೆಂಗಳೂರಿನಲ್ಲಿ ಆಡಿಸಿದಾಗ ದೊಡ್ಡ ಸುದ್ದಿಯಾಯಿತು. ನನಗೆ ಇದರ ಮೇಲೂ ಒಂದು ದೂರುಂಟು. ಹೆಣ್ಣಿನ ಆಸೆಗೆ ಕೂಸಿನ ನೆವ ಯಾಕೆ ಬೇಕು? ಗಂಗಾನಿಗೆ ಅಂಥ ನೆವ ಇರಲಿಲ್ಲ. ಬರೀ ಆಸೆ ಇತ್ತು. ಆ ಲೆಕ್ಕದಲ್ಲಿ ಹಳೆಯ ಪತ್ತಾರ ಮಾಸ್ತರರೇ ಹೆಚ್ಚು ಎದೆಗಾರರು, ಅವಳ ಕೈಬಿಟ್ಟದ್ದು ಆಮೇಲಿನ ಮಾತು.

ಗಂಡುಗಲಿಗಳ ಆಟಗಳ ಬಗ್ಗೆ ಒಂದೆರಡು ಮಾತು ಹೇಳಿ ಮುಂದೆ ಹೋಗುತ್ತೇನೆ, ಏಕೆಂದರೆ ನಮ್ಮ ಖಾನಾಪುರದ ನಂದಗಡ ದಾಟಿ ಹೋದರೆ ಅವ್ವನ ಆತ್ಮ ಒಪ್ಪದು. ಕಿತ್ತೂರಿನ ಸಂಗೊಳ್ಳಿ ರಾಯಣ್ಣನನ್ನು ಅಲ್ಲಿಯೇ 1831ರ ಜನವರಿ 26ರಂದು ಗಲ್ಲಿಗೇರಿಸಿದ್ದು. ಆರ್ಥರನ ಖಡ್ಗ ಕೊನೆಗೆ ನೀರಿಗೆ ಸೇರಿತು ಎನ್ನುತ್ತಾರೆ; ರಾಯಣ್ಣ ಡೋರಿ ಹಳ್ಳದಲ್ಲಿ ಜಳಕಕ್ಕೆ ಇಳಿದಾಗ ನಂಬಿದ ಲಕ್ಕಪ್ಪನೇ ಖಡ್ಗ ಕಸಿದ ಎಂದು ಲಾವಣಿಯವರು ಹಾಡುತ್ತಾರೆ. ಅವನ ಆಟಗಳಲ್ಲಿ ಈಗ ಕುದುರೆ, ತೋಪು, ಬಣ್ಣದ ದೀಪ, ಧ್ವನಿವರ್ಧಕ ಎಲ್ಲ ಬಂದಿವೆ, ಹಾಡು ಮಾತ್ರ ಕೇಳಿಸದಾಗಿದೆ. ನನಗೆ ನಂದಗಡದ ಆಲದ ಮರವೇ ಹೆಚ್ಚು. ಅವನ ಸಮಾಧಿಯ ಆ ಮರಕ್ಕೆ ಮಕ್ಕಳಿಲ್ಲದ ಹೆಣ್ಣುಮಕ್ಕಳು ಪುಟ್ಟ ತೊಟ್ಟಿಲು ಕಟ್ಟಿ ಹೋಗುತ್ತಾರೆ. ಯಾವ ನಾಟಕಕಾರನೂ ಹೇಳಿಕೊಡದೆ ಹೆಂಗಸರು ತಾವೇ ಆ ಕಥೆಯಲ್ಲಿ ತಮಗೊಂದು ಜಾಗ ಮಾಡಿಕೊಂಡಿದ್ದಾರೆ. ಗಂಗಾನ ಹೆಸರಿನಲ್ಲಿ ಇಂಥ ಒಂದು ಗಿಡವೂ ಇಲ್ಲ.

ಇತ್ತೀಚೆಗೆ ತವರಿನ ಕಡೆಯ ಒಂದು ಜಾತ್ರೆಯಲ್ಲಿ ಮತ್ತೆ ಸಂಗ್ಯಾ ಬಾಳ್ಯಾ ನೋಡಿದೆ. ಈ ಸಲ ಗಂಗಾನ ಪಾತ್ರದಲ್ಲಿ ಹೆಣ್ಣುಮಗಳೇ ಇದ್ದಳು, ಮೂವತ್ತೈದರ ಆಸುಪಾಸು. ದನಿ ಸ್ವಲ್ಪ ಒಡೆದಿತ್ತು, ಎತ್ತರಕ್ಕೆ ಹೋದಾಗ ನಡುಗುತ್ತಿತ್ತು. ನಾನು ಕಾಯುತ್ತಿದ್ದುದು ಪರಮ್ಮನ ಭಾಗಕ್ಕೆ. ಸಿಳ್ಳೆ ಸುರುವಾಯಿತು. ಆಕೆ ಸೆರಗು ಎಳೆದುಕೊಳ್ಳಲಿಲ್ಲ, ನಾಚಲಿಲ್ಲ. ಸಿಳ್ಳೆ ಬಂದ ಕಡೆ ತಿರುಗಿ ಸುಮ್ಮನೆ ನಿಂತಳು. ತಬಲಾದವನು ಎರಡು ಸಲ ಠೇಕಾ ಬಾರಿಸಿ ದಾರಿ ನೋಡಿದ. ಆಕೆ ನಿಂತೇ ಇದ್ದಳು. ಸಿಳ್ಳೆ ನಿಂತ ಮೇಲೆ ಪದ ಎತ್ತಿದಳು, ಅದೂ ಮೆಲ್ಲಗೆ, ಪರಮ್ಮನಿಗಷ್ಟೇ ಕೇಳುವ ಹಾಗೆ. ಹೆಂಗಸರ ಕಡೆಯಿಂದ ಯಾರೋ ಒಬ್ಬಳು, ಬಹುಶಃ ನಮ್ಮ ವೈನಿಯೇ, "ಶಾಬಾಸ್" ಎಂದಳು. ಪಠ್ಯದಲ್ಲಿ ಒಂದು ಅಕ್ಷರ ಬದಲಾಗಿರಲಿಲ್ಲ. ಆದರೂ ಆ ರಾತ್ರಿ ಸಂಗ್ಯಾ ಸತ್ತಾಗ ನನ್ನ ಕಣ್ಣು ಅವನನ್ನು ಬಿಟ್ಟು, ಆಕೆ ಎಲ್ಲಿ ನಿಂತಿದ್ದಾಳೆ ಎಂದು ಹುಡುಕುತ್ತಿತ್ತು. ಆಕೆ ಅಂಕದ ಪರದೆಯ ಅಂಚಿನಲ್ಲಿ ಅರ್ಧ ಕಾಣುವಂತೆ ನಿಂತಿದ್ದಳು. ಮಂಗಳ ಮುಗಿಯುವವರೆಗೂ ಒಳಗೆ ಹೋಗಲಿಲ್ಲ.

ಬೆಳಕು ಹರಿಯುವ ಹೊತ್ತಿಗೆ ಚಹಾದ ಅಂಗಡಿಯ ಬಳಿ ಸಿಕ್ಕಳು. ಬಣ್ಣ ಅರ್ಧ ಒರೆಸಿದ ಮುಖ, ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಮಡಚಿದ ಗಂಗಾನ ಸೀರೆ. ನನ್ನ ಹಳೆಯ ಪ್ರಶ್ನೆ ಕೇಳಿಯೇಬಿಟ್ಟೆ. "ಅಲ್ಲವಾ, ಆಮ್ಯಾಲ ಗಂಗಾ ಏನಾದಳು?"

ಆಕೆ ಚಹಾ ಬಸಿಗೆ ಹಾಕಿ ಆರಿಸುತ್ತ, "ಮಾಸ್ತರು ಬರದಿಲ್ರೀ ಅಕ್ಕಾರ. ನಾ ಒಂದ್ ಪದಾ ಕಟ್ಟೇನಿ, ಮ್ಯಾಳದವ್ರು ಹಾಡಾಕ ಒಪ್ಪವಲ್ರು" ಎಂದಳ.

"ನೀನೇ ಹಾಡಬೇಕಿಲ್ಲ?"

"ಒಬ್ಬಾಕಿನ ಹ್ಯಾಂಗ್ ಹಾಡೂದ್ರೀ? ಹಿಂದ ಎತ್ತಿಕೊಳ್ಳಾವ್ರು ಬೇಕಲಾ" ಎಂದು ಬಸಿ ಕೆಳಗಿಟ್ಟಳು. ಅಷ್ಟರಲ್ಲಿ ಖಾನಾಪುರದ ಬಸ್ಸು ಬಂತು. ಕೂಡಲು ಜಾಗ ಸಿಗಲಿಲ್ಲವೆಂದು ಕಾಣುತ್ತದೆ, ಚೀಲ ಎದೆಗೆ ಒತ್ತಿಕೊಂಡು ಬಾಗಿಲ ಬಳಿಯೇ ನಿಂತು ಹೋದಳು.